ಇಂಟರ್‌ಕಾಮಿನ ಹೊದಿಕೆ

ಫೆಬ್ರುವರಿ 3, 2025, ಸೋಮವಾರ

ಹೊಸ ನೋಟ್‌ಬುಕ್ಕು, ಹಳೆಯ ಅಭ್ಯಾಸ. ಬರೆದ ಪುಟಗಳ ನಡುವೆ ನನ್ನದೊಂದು ಬಿಳಿ ಕೂದಲು ಇಟ್ಟು ಮುಚ್ಚುತ್ತೇನೆ. ಕೂದಲು ಜಾಗ ಬಿಟ್ಟಿದ್ದರೆ ಯಾರೋ ಓದಿದ್ದಾರೆ ಎಂದರ್ಥ. ಬೀದರದ ಮೈಲೂರಿನ ಈ ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಗಂಡ ಧಮ್ಮಪಾಲ, ಇಬ್ಬರೇ. ಹಾಗಾಗಿ ಕಳ್ಳ ಯಾರೆಂದು ಹುಡುಕಲು ಪೊಲೀಸರು ಬೇಕಾಗಿಲ್ಲ.

ಬೆಳಿಗ್ಗೆ ಆಮ್ರಪಾಲಿ ಎಂಬಾಕೆ ಫೋನು ಮಾಡಿದ್ದಳು. ನಾನು ಗುಮಾಸ್ತಿಕೆ ಮಾಡುತ್ತಿದ್ದ ಭಾಲ್ಕಿಯ ಬೇಳೆ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಹಳೆಯ ಸಾಮಾನುಗಳನ್ನೆಲ್ಲ ಕೂಡಿಹಾಕಿ ಬೀದರದಲ್ಲಿ ಒಂದು ವಸ್ತುಸಂಗ್ರಹಾಲಯ ಮಾಡುತ್ತಿದ್ದಾರಂತೆ, ಅದರ ಉಸ್ತುವಾರಿ ಈಕೆಯದು. "ನಿಮ್ಮ ಕೋಣಿಯ ಇಂಟರ್‌ಕಾಮ್ ಸಿಕ್ಕದರಿ ಬಾಯಿ. ಅದರ ಕಥಿ ನಿಮಗs ಗೊತ್ತಂತ" ಎಂದಳು.

ನನಗೇ ಗೊತ್ತು ಎಂದು ಅವಳಿಗೆ ಹೇಳಿದವರು ಯಾರು? ಕೇಳಿದ್ದಕ್ಕೆ "ಎಲ್ಲಾರೂ ಹೇಳ್ತಾರ್ರಿ" ಎಂದು ಜಾರಿಕೊಂಡಳು. ಎಲ್ಲರೂ ಎನ್ನುವವರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಹೋಗಿ ನೋಡಬೇಕು.

ಫೆಬ್ರುವರಿ 5, ಬುಧವಾರ

ಚೌಬಾರಾ ಗೋಪುರದ ಹತ್ತಿರದ ಹಳೆಯ ಕಟ್ಟಡಕ್ಕೆ ಸುಣ್ಣ ಬಳಿದು ಎರಡು ಕೋಣೆ ಸಜ್ಜು ಮಾಡಿದ್ದಾರೆ. ತಕ್ಕಡಿ, ಗೋಣಿಚೀಲ ಹೊಲಿಯುವ ದಬ್ಬಣ, ಹಾಜರಿಯ ಗಂಟೆ. ಮೇಜಿನ ಮೇಲೆ ಅದು ಕೂತಿತ್ತು.

ತೇಗದ ಪೆಟ್ಟಿಗೆ, ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡದು. ಮುಂದೆ ಮಾಸಿದ ಜಾಲರಿ ಬಟ್ಟೆ, ಅದರ ಕೆಳಗೆ ಹಳದಿಯಾದ ಒಂದು ಉದ್ದ ಗುಂಡಿ. ಗುಂಡಿ ಒತ್ತಿ ಹಿಡಿದರೆ ನಮ್ಮ ಮಾತು ಮ್ಯಾನೇಜರರ ಕೋಣೆಗೆ ಹೋಗುತ್ತದೆ, ಬಿಟ್ಟರೆ ಅವರ ಮಾತು ನಮಗೆ ಬರುತ್ತದೆ. ಮ್ಯಾನೇಜರರ ದೊಡ್ಡ ಪೆಟ್ಟಿಗೆ ಪಕ್ಕದ ಕೋಣೆಯಲ್ಲಿದೆ. ಆ ಮನುಷ್ಯ ತೀರಿಕೊಂಡು ಹತ್ತು ವರ್ಷವಾಯಿತು.

ನೋಡುತ್ತಿದ್ದಂತೆ ಎಲ್ಲ ನೆನಪಾಯಿತು. 1991ರ ನವೆಂಬರು. ಗುಮಾಸ್ತರ ಕೋಣೆಯಲ್ಲಿ ನಾನು ಮತ್ತು ಮುನವ್ವರ ಬೇಗಂ, ಎದುರುಬದುರು ಮೇಜು, ಒಂದೇ ಡಬ್ಬಿಯ ಊಟ. ಬೇಳೆ ಹಸನು ಮಾಡುವ ಹನ್ನೊಂದು ಹೆಣ್ಣುಮಕ್ಕಳನ್ನು ಖಾಯಂ ಮಾಡಬೇಕೆಂದು ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿಸಲು ನಿರ್ಧರಿಸಿದ್ದೆವು. ಬಾಗಿಲು ಹಾಕಿಕೊಂಡು ನಾನು ಹನ್ನೊಂದು ಹೆಸರನ್ನೂ ಓದಿದೆ, ಅವಳು ಬರೆದುಕೊಂಡಳು. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅದೇ ಹನ್ನೊಂದು ಜನರನ್ನು ನಿಲ್ಲಿಸಿ ವಾಪಸು ಕಳಿಸಿದರು. ಅದೇ ಕ್ರಮದಲ್ಲಿ ಹೆಸರು ಕರೆದರಂತೆ. ನನ್ನನ್ನು ಔರಾದ ತಾಲೂಕಿನ ಠಾಣಾ ಕುಶನೂರಿನ ಗೋದಾಮಿಗೆ ಎಸೆದರು. ಮುನವ್ವರಳನ್ನು ಹೆಡ್ ಕ್ಲರ್ಕ್ ಮಾಡಿದರು.

ಕೋಣೆಯಲ್ಲಿದ್ದವರು ಇಬ್ಬರು. ನಾನು ಹೇಳಿಲ್ಲ. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ?

ಫೆಬ್ರುವರಿ 6, ಗುರುವಾರ

ಕೂದಲು ಇಲ್ಲ! ಧಮ್ಮಪಾಲರನ್ನು ಕೇಳಿದೆ. "ನಿನ್ನ ಡೈರಿ ಓದೂಕಿಂತ ನಿನ್ನ ಮುಖಾ ನೋಡಿದ್ರ ಸಾಕು, ಎಲ್ಲಾ ಬರದಿರ್ತದ" ಎಂದರು. ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವರ ಉತ್ತರ ಹೀಗೇ ಇರುತ್ತದೆ, ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಡೈರಿಯನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಫೆಬ್ರುವರಿ 11, ಮಂಗಳವಾರ

ಇವತ್ತು ನಿಜ ಹೊರಬಿತ್ತು. ಇಂಟರ್‌ಕಾಮನ್ನು ಮ್ಯೂಸಿಯಮ್ಮಿಗೆ ಕೊಟ್ಟವಳು ಮುನವ್ವರ. ಗಿರಣಿ ಮುಚ್ಚಿದಾಗ ಸಾಮಾನಿನ ಹರಾಜಿನಲ್ಲಿ ಎರಡೂ ಪೆಟ್ಟಿಗೆ ತಾನೇ ಹಿಡಿದು ಮನೆಯಲ್ಲಿಟ್ಟುಕೊಂಡಿದ್ದಳಂತೆ. ಯಾತಕ್ಕೆ? ಜನ ಹರಾಜಿನಲ್ಲಿ ಕುರ್ಚಿ ತೆಗೆದುಕೊಳ್ಳುತ್ತಾರೆ, ಕಪಾಟು ತೆಗೆದುಕೊಳ್ಳುತ್ತಾರೆ. ಈಗ ಆ ಪೆಟ್ಟಿಗೆಯ ಪಕ್ಕ ತನ್ನ ಹೆಸರು ಹಾಕಿಸಿಕೊಂಡು ಗಿರಣಿಯ ಇತಿಹಾಸದಲ್ಲಿ ಒಳ್ಳೆಯವಳಾಗಿ ಕೂರುವ ಹಂಚಿಕೆ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾಳೆ.

ಗೋಡೆಯ ಮೇಲಿನ ಬೋರ್ಡಿಗೆ ಒಕ್ಕಣೆ ಹೇಳಿ ಎಂದು ಆಮ್ರಪಾಲಿ ಕೇಳಿದಳು. ಹೇಳಿದೆ: "ಇದೇ ಕೋಣೆಯಲ್ಲಿದ್ದ ಸಹೋದ್ಯೋಗಿ ಮುನವ್ವರ ಬೇಗಂ ಸುದ್ದಿಯನ್ನು ಮ್ಯಾನೇಜರರಿಗೆ ಮುಟ್ಟಿಸಿದ್ದರಿಂದ ಹನ್ನೊಂದು ಮಹಿಳೆಯರು ಕೆಲಸ ಕಳೆದುಕೊಂಡರು."

ಆಮ್ರಪಾಲಿ ಪೆನ್ನು ಕೆಳಗಿಟ್ಟಳು. "ಹೆಸರ ಹಾಕೂದ ಬ್ಯಾಡ್ರಿ ಬಾಯಿ. ಪುರಾವೆ ಅದ ಏನ್ರಿ?"

"ಕೋಣ್ಯಾಗ ಇಬ್ಬರs ಇದ್ದಿವಿ" ಎಂದೆ. "ಅರ್ಧಾ ಖರೇ ಬರಿಯೂದಿದ್ರ ನನ್ನ ಯಾಕ ಕರದಿ? ಹೆಸರ ಇಲ್ಲಾಂದ್ರ ನನ್ನ ಕಥೀನೂ ಇಲ್ಲ."

ಆಕೆಯನ್ನೊಂದು ಮಾತು ಕೇಳಿ ನೋಡುತ್ತೇನೆ ಎಂದು ಆಮ್ರಪಾಲಿ ಗೊಣಗಿದಳು. ಕೇಳಲಿ.

ಫೆಬ್ರುವರಿ 14, ಶುಕ್ರವಾರ

ಕೇಳಿದಳಂತೆ. "ಆಕಿ ಏನ ಬರಸ್ತಾಳ ಬರಸ್ಲಿ" ಎಂದು ಮುನವ್ವರ ಫೋನು ಇಟ್ಟಳಂತೆ. ತಪ್ಪು ಮಾಡದವಳು ಹಾಗೆ ಅನ್ನುತ್ತಾಳೆಯೇ? ಒಪ್ಪಿಕೊಂಡ ಹಾಗೇ ಆಯಿತು. ಸಂತೋಷವಾಗಬೇಕಿತ್ತು. ಯಾಕೋ ರಾತ್ರಿಯ ಊಟ ಸೇರಲಿಲ್ಲ, ಬದನೆಕಾಯಿ ಕಹಿ ಇತ್ತು.

ಫೆಬ್ರುವರಿ 19, ಬುಧವಾರ

ಅವಳ ಹೊಟ್ಟೆಕಿಚ್ಚು ನಾನು ಮೊದಲೇ ಗುರುತಿಸಬೇಕಿತ್ತು. ಬೇಳೆ ಗಿರಣಿಯಲ್ಲಿ ತೊಗರಿಯ ಹೊಟ್ಟಿನ ಧೂಳು ಎಂದರೆ ಧೂಳು. ಕಣ್ಣಿನ ರೆಪ್ಪೆಯ ಮೇಲೂ ಕೂರುತ್ತಿತ್ತು. ನಮ್ಮ ಕಡೆ ರೇಡಿಯೋ, ಟೀವಿ, ನೀರಿನ ತಂಬಿಗೆ ಎಲ್ಲಕ್ಕೂ ಹೆಣೆದ ಹೊದಿಕೆ ಹಾಕುವುದು ವಾಡಿಕೆ. ಅದೇ 1991ರ ದಸರಾ ಹೊತ್ತಿಗೆ ನಾನು ಇಂಟರ್‌ಕಾಮಿಗೂ ಬಿಳಿ ನೂಲಿನ ಕ್ರೋಶಾ ಹೊದಿಕೆ ಹೆಣೆದೆ. ನಾಲ್ಕೂ ಬದಿಗೆ ನವಿಲು, ಕೆಳಗೆ ಇಲಾಸ್ಟಿಕ್. ಅಳತೆ ಹಿಡಿದು ಮಾಡಿದ್ದು, ಪೆಟ್ಟಿಗೆಗೆ ಚರ್ಮದ ಹಾಗೆ ಕೂತಿತು. ಗಿರಣಿಯವರೆಲ್ಲ ಬಂದು ನೋಡಿ ಹೋದರು. ಮುನವ್ವರ ಒಬ್ಬಳೇ ಬೆರಳಿನಿಂದ ಎಳೆದು ನೋಡಿ, "ಬಾಳ ತಂಗ್ ಆಗ್ಯಾದ ಮಾಯಾ, ಒಂದ ಸಾಲ ಬಿಚ್ಚು" ಎಂದಳು. ಬಿಗಿಯಾಗಿದೆಯಂತೆ! ನನ್ನ ಹೆಣಿಕೆಯಲ್ಲಿ ಸಾಲು ಬಿಚ್ಚುವುದೇ? ನಾನು ಬಿಚ್ಚಲಿಲ್ಲ.

ಇನ್ನೊಂದು ನೆನಪು. ನಾನು ಕುಶನೂರಿಗೆ ಹೋದ ಮೇಲೆ ಒಂದು ಸಲ ಬಸ್ಸು ಹಿಡಿದು ಬಂದಿದ್ದಳು. ಗೋದಾಮಿನ ಕಿಟಕಿಯಿಂದ ನೋಡಿದೆ. ಬಿಸಿಲಲ್ಲಿ ಬುರ್ಖಾದ ಮೇಲೆಲ್ಲ ಧೂಳು, ಕೈಯಲ್ಲೊಂದು ಚೀಲ. ನನ್ನ ಗತಿ ನೋಡಿ ಖುಷಿಪಡಲು ಬಂದಿದ್ದಾಳೆ ಎಂದುಕೊಂಡೆ. ವಾಚಮನ್ ಲಾಲ ಅಹ್ಮದನಿಂದ, ಬಾಯಿ ರಜೆಯಲ್ಲಿದ್ದಾರೆ ಎಂದು ಹೇಳಿಸಿದೆ. ಮುಂದಿನ ಬಸ್ಸು ಬರುವವರೆಗೆ ಬೇವಿನ ಗಿಡದ ಕೆಳಗೆ ಕೂತಿದ್ದು ಹೋದಳು. ಎರಡು ತಾಸು ಇರಬಹುದು. ಅಷ್ಟು ಹೊತ್ತೂ ನಾನು ಕಿಟಕಿಯ ಹತ್ತಿರವೇ ಇದ್ದೆ. ಯಾಕೆ ನಿಂತಿದ್ದೆನೋ ಗೊತ್ತಿಲ್ಲ.

ಫೆಬ್ರುವರಿ 27, ಗುರುವಾರ

ಬೋರ್ಡಿನ ಕರಡು ಬಂತು. ಮುನವ್ವರಳ ಹೆಸರು ದಪ್ಪ ಅಕ್ಷರದಲ್ಲಿದೆ. ಸಹಿ ಹಾಕಿ ಕೊಟ್ಟೆ. ಹತ್ತನೇ ತಾರೀಖಿಗೆ ಅಚ್ಚಿಗೆ ಹೋಗುತ್ತದೆ. ಹನ್ನೊಂದು ಮಂದಿಯಲ್ಲಿ ಈಗ ಉಳಿದವರು ನಾಲ್ವರು, ಅವರಲ್ಲಿ ಹಿರಿಯಳು ಭಾಲ್ಕಿಯ ಕೌಸಲ್ಯಾಬಾಯಿ. ಅವಳಿಗೆ ಫೋನು ಮಾಡಿ ಹೇಳಿದೆ. "ಅವತ್ತ ನೀ ಹೇಳಿದ ಮ್ಯಾಲ ಆಕೀನ ಮುಖಾ ನೋಡಿಲ್ಲವಾ ನಾ" ಎಂದಳು. ಧಮ್ಮಪಾಲರು ಕರಡನ್ನು ಓದಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು, ಅಷ್ಟೇ. ಈ ಮನುಷ್ಯ ಯಾರ ಕಡೆಗಿದ್ದಾರೆ?

ಮಾರ್ಚ್ 4, ಮಂಗಳವಾರ

ಮುನವ್ವರ ಮ್ಯೂಸಿಯಮ್ಮಿಗೆ ಇನ್ನೊಂದು ಪೊಟ್ಟಣ ಕಳಿಸಿದ್ದಾಳೆ, ಅದರಲ್ಲಿ ನನ್ನ ಹೊದಿಕೆ! ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದ್ದಾಳೆ. ಬಿಡಿಸಿ ನೋಡಿದರೆ ಮುಂಭಾಗದಲ್ಲಿ ನವಿಲಿನ ಹೊಟ್ಟೆ ಸೀಳಿ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿದ್ದಾಳೆ. ಕತ್ತರಿಸಿದ ಅಂಚಿಗೆ ಹಸಿರು ದಾರದಿಂದ ಕಾಜಾ ಹೊಲಿಗೆ ಬೇರೆ. ಆ ಹೊಲಿಗೆ ಅವಳದೇ, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ನನ್ನ ನೌಕರಿ ಹಾಳು ಮಾಡಿದ್ದು ಸಾಲದೆ ನನ್ನ ಕೈಕೆಲಸಕ್ಕೂ ಕತ್ತರಿ ಹಾಕಿದಳು. ಬೋರ್ಡಿನ ಮೇಲೆ ಅವಳ ಹೆಸರು ಇನ್ನೂ ದಪ್ಪ ಮಾಡಿ ಎಂದು ಆಮ್ರಪಾಲಿಗೆ ಹೇಳಿ ಬಂದಿದ್ದೇನೆ.

ನಾಳೆ ರೇಡಿಯೋ ರಿಪೇರಿಯ ಅಯ್ಯುಬ ಬರುತ್ತಾನೆ. ಎರಡೂ ಪೆಟ್ಟಿಗೆಗೆ ತಂತಿ ಜೋಡಿಸಿ ಮಾತಾಡುವ ಹಾಗೆ ಮಾಡುತ್ತಾನಂತೆ.

ಮಾರ್ಚ್ 5, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಯ್ಯುಬ ತಂತಿ ಜೋಡಿಸಿದ. ಪೆಟ್ಟಿಗೆ ಗರಗರ ಎಂದು, ಕೆಮ್ಮಿ, ಬದುಕಿಕೊಂಡಿತು. ಹೊದಿಕೆ ಹಾಕುವ ಕೆಲಸ ನನ್ನದು. ಹರಕು ಭಾಗ ಬಂದವರಿಗೆ ಕಾಣಬಾರದೆಂದು ನಾನು ಕಿಂಡಿಯನ್ನು ಹಿಂದಕ್ಕೆ ತಿರುಗಿಸಿ, ಇಡೀ ನವಿಲು ಮುಂದೆ ಬರುವಂತೆ ಹಾಕಿ ಎಳೆದು ಕೂರಿಸಿದೆ. ಮೊದಲಿನ ಹಾಗೇ ಬಿಗಿಯಾಗಿ ಕೂತಿತು. ಖುಷಿಯಾಯಿತು. ಆಮ್ರಪಾಲಿ, ಅಯ್ಯುಬ ಇಬ್ಬರೂ ಅಲ್ಲೇ ಏಣಿ ಹಚ್ಚಿ ಬಲ್ಬು ಬದಲಿಸುತ್ತಿದ್ದರು. ನಾನು ದಣಿವಾರಿಸಿಕೊಳ್ಳಲು ಪಕ್ಕದ ಕೋಣೆಗೆ ಹೋಗಿ ಮ್ಯಾನೇಜರರ ಕುರ್ಚಿಯಲ್ಲಿ ಕೂತೆ. ನಡುವಿನ ಬಾಗಿಲು ಮುಚ್ಚಿತ್ತು.

ಎದುರಿನ ಪೆಟ್ಟಿಗೆ ಮಾತಾಡಿತು. ಆಮ್ರಪಾಲಿಯ ದನಿ.

"ಆ ಬೋರ್ಡ್ ಹಾಕಲಿಕ್ಕ ನನಗ ಮನಸ್ಸs ಇಲ್ರಿ ಅಯ್ಯುಬಭಾಯಿ. ಆ ಮುನವ್ವರಬಾಯಿ ಇವರ ಬಗ್ಗೆ ಒಂದ ಕೆಟ್ಟ ಮಾತ ಆಡಿಲ್ಲ. ಇವರಿಗೆ ನೋಡ್ರಿ, ಗೋಡಿ ಮ್ಯಾಲಿನ ಹಲ್ಲೀ ಮ್ಯಾಲೂ ಸಂಶಯ."

ಅಯ್ಯುಬ ನಕ್ಕ. ಏಣಿ ಕಿರುಗುಟ್ಟಿದ್ದೂ ಕೇಳಿತು. ಅವರು ಬೇಕೆಂದೇ ಗುಂಡಿ ಒತ್ತಿ ನನಗೆ ಕೇಳಿಸುತ್ತಿದ್ದಾರೆ ಎಂದುಕೊಂಡೆ. ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಉಸಿರು ಬಿಗಿಹಿಡಿದು ಪೆಟ್ಟಿಗೆಯ ಕಡೆ ಬಾಗಿ ಇನ್ನೂ ಏನೇನು ಅನ್ನುತ್ತಾರೆ ಎಂದು ಕೇಳುತ್ತಾ ಕೂತೆ. ಆ ಕುರ್ಚಿಯಲ್ಲಿ ಕೂತವರಿಗೆ ಅದು ಎಷ್ಟು ಸುಲಭ ಎಂದು ಈಗ ಗೊತ್ತು.

ಕೊನೆಗೆ ಬಾಗಿಲು ದೂಡಿಕೊಂಡು ಹೋದೆ. ಆಮ್ರಪಾಲಿ ಕಿಟಕಿಯ ಹತ್ತಿರ, ಅಯ್ಯುಬ ಏಣಿಯ ಮೇಲೆ. ಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಅದು ಹೊದಿಕೆ ಹೊದ್ದು ತನ್ನ ಪಾಡಿಗೆ ತಾನು ಕೂತಿತ್ತು.

"ಗುಂಡಿ ಯಾರ ಒತ್ತಿದ್ರಿ?" ಎಂದೆ.

"ಯಾರೂ ಇಲ್ರಿ ಬಾಯಿ." ಅಯ್ಯುಬ ಇಳಿದು ಬಂದು ಹೊದಿಕೆಯ ಮೇಲೆ ಬೆರಳಾಡಿಸಿದ. "ಇದs ಒತ್ತಿ ಹಿಡದಾದ ನೋಡ್ರಿ. ಎಷ್ಟ ತಂಗ್ ಹೆಣದಾರ! ಮ್ಯಾನೇಜರ ಸಾಹೇಬ ತನ್ನ ಕಡಿಂದ ಒತ್ತಿದ್ರ ಆತನ ಮಾತ ಇಲ್ಲಿಗಿ ಬರ್ತಿತ್ತು, ಅದಕ್ಕ ನಿಮಗ ಗೊತ್ತಾಗಿರಾಕಿಲ್ಲ. ಬಾಕಿ ಹೊತ್ತೆಲ್ಲಾ ಇಲ್ಲಿ ಮಾತ ಅಲ್ಲಿಗಿ." ಆಮೇಲೆ ಹೊದಿಕೆಯನ್ನು ತಿರುಗಿಸಿ ಹಸಿರು ಕಿಂಡಿಯನ್ನು ಮುಂದೆ ತಂದ. ಗುಂಡಿ ಅದರಲ್ಲಿ ಸರಿಯಾಗಿ ಹೊರಗೆ ಬಂತು. ಟಕ್ ಎಂದು ಮೇಲೆದ್ದಿತು. "ಯಾರೋ ಶಾಣ್ಯಾರ ಇದ್ದಾರ್ರಿ, ಅಳತಿ ಹಿಡದ ಕತ್ತರಿ ಹಾಕ್ಯಾರ."

ನಾನು ಆ ಗುಂಡಿಯನ್ನು ಒಮ್ಮೆ ಒತ್ತಿ, ಬಿಟ್ಟು ನೋಡಿದೆ.

ಮಾರ್ಚ್ 6, ಗುರುವಾರ

ದಸರೆಗೆ ಹಾಕಿದ್ದು. ನವೆಂಬರಿನಲ್ಲಿ ಹೆಸರು ಓದಿದ್ದು. ನಾನೇ ಓದಿದ್ದು, ಜೋರಾಗಿ, ಒಂದೊಂದಾಗಿ.

ಮಾರ್ಚ್ 7, ಶುಕ್ರವಾರ

ಆಮ್ರಪಾಲಿಗೆ ಫೋನು ಮಾಡಿ ಬೋರ್ಡು ನಿಲ್ಲಿಸಲು ಹೇಳಿದೆ. ಯಾಕೆಂದು ಕೇಳಲಿಲ್ಲ. ಧಮ್ಮಪಾಲರು ಫ್ಯಾನು ಹಾಕಿದರು, ತೆರೆದಿಟ್ಟ ಪುಟದಿಂದ ನನ್ನ ಕೂದಲು ಹಾರಿ ಎಲ್ಲಿಗೋ ಹೋಯಿತು. ಹುಡುಕಲಿಲ್ಲ.

ಮಾರ್ಚ್ 8, ಶನಿವಾರ

ಭಾಲ್ಕಿಗೆ ಹೋಗಿದ್ದೆ. ಧಮ್ಮಪಾಲರು ಬರುತ್ತೇನೆ ಎಂದರು, ಬೇಡವೆಂದೆ.

ಮುನವ್ವರಳ ಮನೆ ಅದೇ ಓಣಿಯಲ್ಲಿದೆ. ಮಗಳು ರುಖ್ಸಾರ ಬಾಗಿಲು ತೆಗೆದು, ನನ್ನ ಹೆಸರು ಕೇಳಿ, ಒಳಗೆ ಕರೆಯಬೇಕೋ ಬೇಡವೋ ಎಂದು ಹಿಂದೆ ತಿರುಗಿ ನೋಡಿದಳು. "ರಜಾದಾಗ ಇದ್ದಾರಂತ ಹೇಳ್ಲೇನ ಅಮ್ಮಿ?" ಎಂದೇನೂ ಅವಳು ಕೇಳಲಿಲ್ಲ, ಕೇಳಿದ್ದರೆ ನನಗೆ ತಕ್ಕದ್ದೇ ಆಗುತ್ತಿತ್ತು. ಒಳಗಿನಿಂದ ದನಿ ಬಂತು, "ಬರಲಿ."

ಮುನವ್ವರ ದಪ್ಪಗಾಗಿದ್ದಾಳೆ, ಮೊಣಕಾಲು ನೋವು. ರೋಜಾ ಇದ್ದಳು. ತಾನು ಹನಿ ನೀರು ಮುಟ್ಟದೆ ನನಗೆ ಚಹಾ ಮಾಡಿಸಿದಳು. ನಾನು ಕುಡಿಯಲಾರದೆ ಕಪ್ಪು ಹಿಡಿದುಕೊಂಡೇ ಕೂತಿದ್ದೆ.

"ನಿನಗ ಗೊತ್ತಿತ್ತು" ಎಂದೆ.

"ಮೊದಲ ಗೊತ್ತಿರಲಿಲ್ಲ. ಮೊದಲ ನಾನೂ ನಿನ್ನ ಮ್ಯಾಲs ಸಂಶಯ ಮಾಡಿದ್ದೆ." ಸೆರಗಿನ ಅಂಚು ನೆಟ್ಟಗೆ ಮಾಡಿಕೊಂಡಳು. "ನೀ ಹ್ವಾದ ಮ್ಯಾಲ ಒಂದಿನ ನಿನ್ನ ಖಾಲಿ ಕುರ್ಚಿಗಿ ಕೇಳ್ದೆ, 'ಖರೇ ಹೇಳ ಮಾಯಾ, ನೀ ಹೇಳಿದ್ದೇನ?' ಅಂತ. ಕೋಣ್ಯಾಗ ಒಂದ ನೊಣಾ ಇರಲಿಲ್ಲ. ಮರದಿನ ಸಾಹೇಬ ನಕ್ಕೋತ ಅಂತಾನ, 'ಕುರ್ಚಿ ಏನಾರ ಜವಾಬ ಕೊಡ್ತೇನ ಬೇಗಂ?'"

ಅವತ್ತೇ ಹೊದಿಕೆ ತೆಗೆದು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳಂತೆ. ಬಿಗಿ ಇದ್ದಲ್ಲಿಗೆ ಕತ್ತರಿ ಹಾಕಿದಳು. ಕಿತ್ತು ಬಿಸಾಡಬಹುದಿತ್ತಲ್ಲ ಎಂದೆ. "ನಿನ್ನ ಕೈಲೆ ಹೆಣದದ್ದು" ಎಂದಳು. ನಾಲ್ಕು ದಿನ ಬಿಟ್ಟು ಅದನ್ನು ಚೀಲದಲ್ಲಿ ಹಾಕಿಕೊಂಡು ಕುಶನೂರಿನ ಬಸ್ಸು ಹತ್ತಿದ್ದಳು.

"ಪರದೆ ಅಳ್ಳಾಡಿದ್ದು ಕಂಡಿತ್ತು ನನಗ. ನೀ ಕಿಟಕ್ಯಾಗ ನಿಂತಿದ್ದಿ." ಅವಳ ದನಿ ಏರಿತು. "ಎರಡ ತಾಸ ಕೂತೆ. ಆಮ್ಯಾಲ ನನಗೂ ಗುಸ್ಸಾ ಬಂತು ಮಾಯಾ. ನಾ ಏನ ಸಂತ ಅಲ್ಲ. ಓಣ್ಯಾಗ ಮಂದಿ ಮಾತ ಬಿಟ್ರು, ರುಖ್ಸಾರನ ಶಾದಿಗಿ ಆ ಹನ್ನೊಂದ ಮನಿಯಿಂದ ಒಬ್ಬರೂ ಬರಲಿಲ್ಲ. ಅವಾಗ ಹೇಳ್ಬೇಕಂದ್ರ, ಈಗ ಹೇಳಿ ಏನ ಫಾಯದಾ, ಯಾರ ನಂಬ್ತಾರ ಅನಸ್ತು. ಹೊದಿಕಿ ಮಾತ್ರ ಇಟ್ಟಿದ್ದೆ. ಎಂದಾರ ನೀನs ನೋಡ್ತಿ ಅಂತ."

ತಪ್ಪಾಯಿತು ಎಂದೆ. ಅಷ್ಟು ಚಿಕ್ಕ ಮಾತಿಗೆ ಮೂವತ್ಮೂರು ವರ್ಷ. ಅತ್ತೆ, ಬಹಳ ಅತ್ತೆ. ಅವಳು ಎದ್ದು ಬಂದು ನನ್ನ ಕೈಯಿಂದ ಕಪ್ಪು ತೆಗೆದಿಟ್ಟಳು. ತಬ್ಬಿಕೊಳ್ಳಲಿಲ್ಲ. ಮೊಣಕಾಲು ಹಿಡಿದುಕೊಂಡು, "ನನಗ ಹೇಳಿದ್ರ ಆತೇನ? ಕೌಸಲ್ಯಾಬಾಯಿ ಕಡಿ ನಡಿ" ಎಂದಳು.

ಅದೇ ದಿನ, ಮನೆಗೆ ಬಂದ ಮೇಲೆ

ಕೌಸಲ್ಯಾಬಾಯಿಯ ಮನೆ ಸ್ಟೇಷನ್ನಿನ ಹತ್ತಿರ. ಎಪ್ಪತ್ತೈದು ದಾಟಿದೆ, ಹೊರಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮುನವ್ವರಳನ್ನು ಕಂಡು ಅಭ್ಯಾಸಬಲದಿಂದ ಮುಖ ತಿರುಗಿಸಿದಳು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹೊದಿಕೆ, ಗುಂಡಿ, ನಾನೇ ಓದಿದ ಹೆಸರುಗಳು. ನಿಮ್ಮ ಹನ್ನೊಂದು ಜನರ ಅನ್ನಕ್ಕೆ ಕಲ್ಲು ಹಾಕಿದವಳು ನಾನು ಎಂದೆ.

ಮೊರ ಕೆಳಗಿಟ್ಟಳು. ಕೈಗಂಟಿದ ಹೊಟ್ಟು ಒರೆಸಿಕೊಂಡಳು.

"ಹೆಣದಾಕಿ ನೀನು, ಖರೆ. ಆದ್ರ ಕಿವಿಗೊಟ್ಟ ಕೇಳ್ದಂವಾ ಆ ಸಾಹೇಬ, ನಮ್ಮನ್ನ ಗೇಟಿನಿಂದ ಹೊಳ್ಳಿ ಕಳಿಸಿದಂವಾ ಅವ. ಅದರ ಪಾಪ ನೀ ಯಾಕ ಹೊತ್ಕೋತಿ? ಅದು ನಿಂದಲ್ಲ." ನನಗೆ ಒಂದು ಕ್ಷಣ ಹಗುರವಾಯಿತು. ಆಗ ಅವಳು ಮುನವ್ವರಳ ಕಡೆ ಕೈ ತೋರಿಸಿದಳು. "ಆದ್ರ ಈಕೀನ ಹೆಸರ ನಮಗ ಹೇಳಿದಾಕಿ ನೀನು. ಅದ ಯಾವ ಗುಂಡೀನೂ ಒತ್ತಿದ್ದಲ್ಲ. ಇಷ್ಟ ವರ್ಷ ಈಕೀನ ನೋಡಿ ಕುತಿಗಿ ತಿರುವೀನಿ. ಈಗ ಹೊಳ್ಳಿ ತಿರುವಂದ್ರ ಈ ಕುತಿಗಿ ತಿರಗ್ತದೇನವಾ?"

ಬರುವಾಗ ಹಿಂದಿರುಗಿ ನೋಡಿದೆ. ಕೌಸಲ್ಯಾಬಾಯಿ ಮುನವ್ವರಳಿಗೆ ಕೂರಲು ಗೋಣಿತಟ್ಟು ಸರಿಸುತ್ತಿದ್ದಳು. ನನ್ನನ್ನು ಕೂರು ಎಂದಿರಲಿಲ್ಲ.

ಮಾರ್ಚ್ 23, ಭಾನುವಾರ

ಬೋರ್ಡಿಗೆ ಹೊಸ ಒಕ್ಕಣೆ ಬರೆದೆ. ಐದು ಸಲ ಹರಿದು ಹಾಕಿದೆ. ಪ್ರತಿ ಸಲವೂ ಹೇಗೋ ನನ್ನ ತಪ್ಪು ಚಿಕ್ಕದಾಗಿ ಬರುತ್ತಿತ್ತು. ಕೊನೆಯದನ್ನು ಈ ಡೈರಿಯಲ್ಲೇ ಬರೆದು, ಸರಿ ಇದೆಯೇ ನೋಡಿ ಎಂದು ಧಮ್ಮಪಾಲರ ಕೈಗೆ ಪುಸ್ತಕವನ್ನೇ ಕೊಟ್ಟೆ. ಓದಿ, "ಒಂದ ಶಬ್ದ ಬಿಟ್ಟೀದಿ" ಎಂದರು. 'ಸುಳ್ಳು' ಎಂಬುದನ್ನು ಅವರೇ ಸೇರಿಸಿದರು:

"ಗುಮಾಸ್ತರ ಕೋಣೆಯ ಇಂಟರ್‌ಕಾಮ್, ಬೇಳೆ ಗಿರಣಿ, ಭಾಲ್ಕಿ. ಹೊದಿಕೆ ಹೆಣೆದವರು ಮಹಾಮಾಯಾ. 1991ರಲ್ಲಿ ಈ ಹೊದಿಕೆ ಗುಂಡಿಯನ್ನು ಒತ್ತಿ ಹಿಡಿದಿದ್ದರಿಂದ ಕೋಣೆಯ ಮಾತನ್ನು ಮ್ಯಾನೇಜರರು ಕದ್ದು ಕೇಳಿದರು, ಹನ್ನೊಂದು ಮಹಿಳೆಯರನ್ನು ಕೆಲಸದಿಂದ ತೆಗೆದರು. ಮಹಾಮಾಯಾ ಅದಕ್ಕೆ ಮುನವ್ವರ ಬೇಗಂ ಅವರ ಹೆಸರು ಹೇಳಿದರು. ಅದು ಸುಳ್ಳು. ಕಿಂಡಿ ಕತ್ತರಿಸಿ ಕಾಜಾ ಹೊಲಿದವರು ಮುನವ್ವರ ಬೇಗಂ."

ಏಪ್ರಿಲ್ 5, ಶನಿವಾರ

ಇವತ್ತು ಉದ್ಘಾಟನೆ. ಜನ ಹೆಚ್ಚಿರಲಿಲ್ಲ. ಮುನವ್ವರ ಹಬ್ಬಕ್ಕೆ ಹೊಲಿಸಿದ ಹೊಸ ಬಟ್ಟೆಯಲ್ಲಿ ಬಂದಿದ್ದಳು. ಕೌಸಲ್ಯಾಬಾಯಿ ಅವಳ ತೋಳು ಹಿಡಿದುಕೊಂಡು ಬಂದಳು. ನಾನು ಕಿಂಡಿಯನ್ನು ಮುಂದೆ ಮಾಡಿ ಹೊದಿಕೆ ಹಾಕಿದೆ.

ಕೌಸಲ್ಯಾಬಾಯಿ ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದು ಬಾರದು. ಆಮ್ರಪಾಲಿ ಓದಲು ಮುಂದಾದಳು. "ನೀ ಬ್ಯಾಡವಾ" ಎಂದು ಕೌಸಲ್ಯಾಬಾಯಿ ನನ್ನ ಕಡೆ ನೋಡಿದಳು. "ಈಕಿ ಓದಲಿ."

ಓದಿದೆ. ಪೂರ್ತಿ ಓದಿದೆ.

"ಇನ್ನೊಮ್ಮಿ. ಹೆಸರ ಹೇಳಿದ್ದ ಕಡಿಂದ ಓದು."

ಮತ್ತೆ ಓದಿದೆ. ಮುನವ್ವರ ನನ್ನ ಭುಜ ಮುಟ್ಟಿ, "ಸಾಕ ಬಿಡ್ರಿ ಕೌಸಲ್ಯಾಬಾಯಿ, ಆತು" ಎಂದಳು.

"ಸಾಕನ್ನಾಕಿ ನೀ ಯಾರ? ಆ ಸುಳ್ಳ ಮಾತ ಈ ಕಿವೀಲೆ ಕೇಳೀನಿ ನಾ. ಇದನ್ನೂ ಇದs ಕಿವೀಲೆ ಕೇಳ್ಬೇಕು." ಕೋಲೂರಿ ನನ್ನ ಹತ್ತಿರ ಬಂದಳು. "ಓದು ನೀ. ಜೋರ ಓದು. ಅವತ್ತ ನಮ್ಮ ಹೆಸರ ಓದಿದ್ಯಲ್ಲಾ, ಹಂಗ ಓದು."

ಹಾಗೇ ಓದಿದೆ.